ಅಟ್ಟೆ ನುಡಿದ ಸಾಕ್ಷಿ

ನಾನು ಆರಿಸಿಕೊಟ್ಟ ಶೂ ಹಾಕಿಕೊಂಡು ಒಬ್ಬ ಮುದುಕ ಎಷ್ಟು ಜೋರಾಗಿ ಓಡಿದನೆಂದರೆ, ಅವನ ನೆರಳು ಹಿಂದೆ ಉಳಿದುಬಿಟ್ಟಿತು. ಹನ್ನೊಂದು ನಿಮಿಷದ ನಂತರ ಆ ನೆರಳು ಏದುಸಿರು ಬಿಡುತ್ತಾ ನಮ್ಮ ಅಂಗಡಿಯ ಬಾಗಿಲಿಗೆ ಬಂದು, "ನಮ್ಮ ಯಜಮಾನರು ಯಾವ ಕಡೆ ಹೋದರು?" ಎಂದು ಕೇಳಿತು. ನಾನೇ ಕೂರಿಸಿ ನೀರು ಕೊಟ್ಟೆ. ಆ ಲೋಟ ಇನ್ನೂ ಅಂಗಡಿಯಲ್ಲಿದೆ, ನಂಬಿಕೆಯಿಲ್ಲದವರು ಬಂದು ನೋಡಬಹುದು.

ಓಟದ ಶೂ ಮಾರುವ ಈ ಅಂಗಡಿಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಇಪ್ಪತ್ತು ಲಕ್ಷ ಪಾದಗಳನ್ನು ಕೈಯಲ್ಲಿ ಹಿಡಿದಿದ್ದೇನೆ. ಊರಿನಲ್ಲಿ ಅಷ್ಟು ಜನರೇ ಇಲ್ಲವಲ್ಲ ಎನ್ನುವವರು ಮನುಷ್ಯನಿಗೆ ಎರಡು ಕಾಲು ಎಂಬುದನ್ನು ಮರೆಯಬಾರದು. ಗಿರಾಕಿಗಳು ಬರುತ್ತಾರೆ, ಗೋಡೆಯ ಮೇಲಿನ ಕೆಂಪು ಶೂ ಕಡೆ ಬೆರಳು ತೋರಿಸುತ್ತಾರೆ. "ಬಣ್ಣ ಓಡೋದಿಲ್ಲ ಸ್ವಾಮಿ, ಓಡೋದು ಕಾಲು. ಕೂತ್ಕೊಳ್ಳಿ," ಎನ್ನುತ್ತೇನೆ. ಸಾಕ್ಸ್ ಬಿಚ್ಚಿಸಿ, ಪಾದವನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಕಂದು ಕಾಗದದ ಮೇಲೆ ನಿಲ್ಲಿಸುತ್ತೇನೆ. ಹಿಮ್ಮಡಿಗೂ ಮುಂಗಾಲಿಗೂ ನಡುವೆ ಸಣ್ಣ ಗೆರೆಯಷ್ಟೇ ಮೂಡಿದರೆ ಎತ್ತರದ ಕಮಾನಿನ ಪಾದ, ಅದಕ್ಕೆ ಮೆತ್ತೆ ಬೇಕು. ಇಡೀ ಪಾದ ಒದ್ದೆಯಾಗಿ ಮೂಡಿದರೆ ಚಪ್ಪಟೆ ಪಾದ, ಒಳಗಡೆಗೆ ವಾಲುತ್ತದೆ, ಅದಕ್ಕೆ ಒಳಬದಿ ಗಟ್ಟಿಯಾಗಿರುವ ಶೂ ಬೇಕು. ಹೆಬ್ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನಷ್ಟು ಜಾಗ ಬಿಡಬೇಕು. ಬೆಳಿಗ್ಗೆ ಬಂದವರನ್ನು ಮಧ್ಯಾಹ್ನ ಬನ್ನಿ ಎಂದು ವಾಪಸ್ಸು ಕಳಿಸುತ್ತೇನೆ, ಏಕೆಂದರೆ ಕಾಲು ದಿನವಿಡೀ ಊದುತ್ತಾ ಹೋಗುತ್ತದೆ. ಆಮೇಲೆ ಓಡುವ ಯಂತ್ರದ ಮೇಲೆ ಹತ್ತಿಸಿ, ಹಿಂದಿನಿಂದ ಕ್ಯಾಮೆರಾ ಇಟ್ಟು, ಕಾಲಿನ ಗಂಟು ಯಾವ ಕಡೆ ಬಾಗುತ್ತದೆಂದು ಟೀವಿಯಲ್ಲಿ ತೋರಿಸುತ್ತೇನೆ.

ಆದರೆ ಇದೆಲ್ಲ ಗಿರಾಕಿಗಳ ಸಮಾಧಾನಕ್ಕೆ. ನನಗೆ ಹಳೆಯ ಶೂ ಒಂದಿದ್ದರೆ ಸಾಕು. ಮಗುಚಿ ಅಟ್ಟೆ ನೋಡಿದೆನೆಂದರೆ ಆ ಮನುಷ್ಯ ಎಲ್ಲಿಗೆ ಹೋಗುತ್ತಾನೆ, ಹೇಗೆ ಹೋಗುತ್ತಾನೆ, ಮನೆಯಲ್ಲಿ ಏನು ಹೇಳಿ ಹೋಗುತ್ತಾನೆ, ಎಲ್ಲ ಹೇಳಿಬಿಡುತ್ತೇನೆ. ಮುಖ ಸುಳ್ಳು ಹೇಳಬಹುದು. ಅಟ್ಟೆಗೆ ಅಷ್ಟು ಬುದ್ಧಿ ಎಲ್ಲಿ ಬರಬೇಕು?

ನಾನೂ ಸಾಮಾನ್ಯ ಓಟಗಾರನಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ನೇತುಹಾಕಿರುವ ಪದಕ ನನ್ನದೇ, ನಲವತ್ತೆರಡು ಕಿಲೋಮೀಟರಿನದು. ಸಕ್ಕರೆ ಕಾಯಿಲೆ ಬಾಗಿಲು ತಟ್ಟುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೆ, ಎರಡು ವರ್ಷದಿಂದ ದಿನಾ ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಟ್ಟು ಒಂದು ಗಂಟೆ ಓಡುತ್ತೇನೆ. ನಾನು ಬೆವರಿನಲ್ಲಿ ತೊಯ್ದು ಏದುಸಿರು ಬಿಡುತ್ತಾ ಬರುವುದನ್ನು ನನ್ನಾಕೆ ಕಿಟಕಿಯಿಂದ ದಿನವೂ ನೋಡಿ ಹೆಮ್ಮೆಪಡುತ್ತಾಳೆ.

ಇಂಥ ನನ್ನ ಪದಕವನ್ನು ಈ ಭೂಮಿಯ ಮೇಲೆ ಅನುಮಾನಿಸಿದವರು ಒಬ್ಬರೇ, ನನ್ನ ತಂಗಿಯ ಗಂಡ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತೇವೆ. ಅವರು ಶಾಲೆಯಲ್ಲಿ ಗಣಿತದ ಮೇಷ್ಟ್ರು, ಪ್ರತಿ ಮಾತಿಗೂ ಸುಂಕ ಕಟ್ಟಬೇಕಾದವರಂತೆ ಮಾತಾಡುತ್ತಾರೆ. ಮೂರು ವಾರದ ಹಿಂದೆ, ಒಂದು ಭಾನುವಾರ, ಅಮ್ಮನ ಮನೆಯಲ್ಲಿ ನಮ್ಮೆಲ್ಲರ ಊಟ. ನಾನು ನನ್ನ ಓಟದ ಕಥೆ ಹೇಳುತ್ತಿದ್ದೆ.

"ಭಾವ, ಮೂವತ್ತನೇ ಕಿಲೋಮೀಟರ್ ಹತ್ರ ಒಂದು ಏರು ಬರುತ್ತಲ್ಲ?" ಎಂದರು ಭಾವ, ತಟ್ಟೆಯಿಂದ ತಲೆಯೆತ್ತದೆ.

"ಏರಾ? ಗೋಡೆ ಹತ್ತಿದ ಹಾಗೆ! ಕೈಯಲ್ಲಿ ಹುಲ್ಲು ಹಿಡ್ಕೊಂಡು ಹತ್ತಿದೀನಿ!"

"ಹೌದಾ. ನಾನು ಓಡಿದಾಗ ಅಲ್ಲಿ ಇಳಿಜಾರಿತ್ತು." ಇಷ್ಟು ಹೇಳಿ ಅವರು ಊಟ ಮುಂದುವರಿಸಿದರು.

ಅಮ್ಮ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು. ಮಾನ ಉಳಿಸಿಕೊಳ್ಳಲು ನಾನು ಎಲ್ಲರೆದುರು ಸವಾಲು ಹಾಕಿದೆ: "ಯಾರದಾದ್ರೂ ಶೂ ತಂದುಕೊಡಿ. ಅವರು ನಿಜಕ್ಕೂ ಓಡ್ತಾರೋ, ಓಡ್ತೀನಿ ಅಂತ ಹೇಳಿ ಇನ್ನೆಲ್ಲಿಗೋ ಹೋಗ್ತಾರೋ, ಅಟ್ಟೆ ನೋಡಿ ಹೇಳ್ತೀನಿ!" ಊಟ ಮುಗಿಸಿ, ಬಾಗಿಲ ಬಳಿ ಅಮ್ಮ ಸಾಲಾಗಿ ಜೋಡಿಸಿಟ್ಟಿದ್ದ ಹನ್ನೆರಡು ಜೊತೆ ಚಪ್ಪಲಿ ಶೂಗಳ ನಡುವಿನಿಂದ ನನ್ನದನ್ನು ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಬಂದೆ.

ಅಂದಿನಿಂದ ನನ್ನ ಕಿರುಬೆರಳು ನೋಯತೊಡಗಿತು. ಅವಮಾನ ಮೊದಲು ಇಳಿಯುವುದು ಕಿರುಬೆರಳಿಗೆ ಎಂದು ನಾನೇ ನಿರ್ಧರಿಸಿದೆ.

ಕಥೆಗೆ ಬರುತ್ತೇನೆ. ಹೋದ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮಾಲೀಕರು ಒಂದು ದೊಡ್ಡ ಇಲಿಬೋನು ಹಿಡಿದುಕೊಂಡು ಅಂಗಡಿಗೆ ಬಂದರು. ನಮ್ಮ ಹಿಂದಿನ ದಾಸ್ತಾನು ಕೋಣೆಯಲ್ಲಿ ಒಂಬತ್ತು ನಂಬರಿನ ಶೂ ಪೆಟ್ಟಿಗೆಗಳು ಕೆಲವು ತಿಂಗಳಿಂದ ಜಜ್ಜಿಹೋಗುತ್ತಿದ್ದವು. ಹೆಗ್ಗಣ ಎಂದು ನಾನೇ ಅವರಿಗೆ ಹೇಳಿದ್ದೆ. ಎಷ್ಟು ದೊಡ್ಡದು ಎಂದು ಕೇಳಿದ್ದಕ್ಕೆ, ಕೂತರೆ ಕುರಿಯಷ್ಟು, ನಿಂತರೆ ಕರುವಿನಷ್ಟು ಎಂದಿದ್ದೆ. ಅವರು ಬೋನು ಒಡ್ಡಲು ಒಳಗೆ ಹೋದ ಹತ್ತು ನಿಮಿಷಕ್ಕೆ ನನ್ನ ತಂಗಿ ಬಂದಳು.

ತಂಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಆ ಹೊತ್ತಿನಲ್ಲಿ ಅವಳು ಅಲ್ಲಿರಬೇಕಾಗಿತ್ತು. ಕೈಯಲ್ಲೊಂದು ಬಟ್ಟೆಚೀಲ. ಕೂರದೆ ಅದರಿಂದ ಒಂದು ಜೊತೆ ಶೂ ತೆಗೆದು ಮೇಜಿನ ಮೇಲಿಟ್ಟಳು. ಬೂದು ಬಣ್ಣ, ಕಿತ್ತಳೆ ಪಟ್ಟಿ, ಒಂಬತ್ತು ನಂಬರು. ಹೋದ ವರ್ಷ ನಾನೇ ಭಾವನಿಗೆ ಕೊಟ್ಟ ಜೊತೆ. ಅದೇ ದಿನ ಅಂಥದ್ದೇ ಇನ್ನೊಂದನ್ನು ನಾನೂ ಇಟ್ಟುಕೊಂಡಿದ್ದೆ. ಅವರ ಪಾದವನ್ನು ಕೂದಲೆಳೆಯಷ್ಟೂ ಬಿಡದೆ ಅಳೆದು ಆರಿಸಿಕೊಟ್ಟಿದ್ದು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ.

"ಅಣ್ಣ, ಅಟ್ಟೆ ನೋಡಿದ್ರೆ ಗೊತ್ತಾಗುತ್ತೆ ಅಂದ್ಯಲ್ಲ. ನೋಡು. ಇವರು ನಿಜವಾಗ್ಲೂ ಓಡ್ತಿದಾರಾ?"

"ಯಾಕೆ, ಏನಾಯ್ತು?"

"ಮೂರು ವಾರದಿಂದ ಏನೋ ಸರಿಯಿಲ್ಲ. ಮೊದ್ಲು ಆರಕ್ಕೆ ಹೋಗಿ ಏಳಕ್ಕೆ ಬರ್ತಿದ್ರು. ಈಗ ಐದೂಮುಕ್ಕಾಲಿಗೆ ಹೋದವ್ರು ಏಳೂಕಾಲಿಗೆ ಬರ್ತಾರೆ. ಎಷ್ಟು ದೂರ ಅಂದ್ರೆ ಅಷ್ಟೇ ದೂರ ಅಂತಾರೆ. ಮತ್ತೆ ಯಾಕಿಷ್ಟೊತ್ತು ಅಂದ್ರೆ, ಮಂಡಿ ನೋವು. ಮಂಡಿ ನೋವಿದ್ರೆ ಹೋಗ್ಬೇಡಿ ಅಂದ್ರೆ, ಹೂಂ ಅಂತಾರೆ, ಮಾರನೇ ದಿನ ಮತ್ತೆ ಹೋಗ್ತಾರೆ."

"ಮಂಡಿ ನೋವಿದ್ದೋನು ಇನ್ನೂ ಬೇಗ ಎದ್ದು ಓಡ್ತಾನಾ?" ಎಂದೆ. ನನ್ನ ಮೂಗು ಆಗಲೇ ಅರಳಿತ್ತು.

"ನನಗೂ ಅದೇ ಅನುಮಾನ." ಅವಳು ಚೀಲದಿಂದ ಮಡಿಚಿದ ಕಾಗದ ತೆಗೆದಳು. "ನನಗೆ ಇನ್ನೊಂದು ಊರಿನ ಶಾಖೆಗೆ ಬಡ್ತಿ ಕೊಟ್ಟಿದಾರೆ. ಇವರಿಗೋಸ್ಕರ ಬೇಡ ಅನ್ನೋಣ ಅಂತಿದ್ದೆ. ಇವತ್ತು ಸಂಜೆ ಐದಕ್ಕೆ ಒಪ್ಪಿಗೆ ಕೊಡ್ಬೇಕು. ಇವರು ನನಗೆ ಸುಳ್ಳು ಹೇಳ್ತಿದ್ರೆ ನಾನು ಯಾರಿಗೋಸ್ಕರ ಇಲ್ಲಿರ್ಲಿ? ಸಹಿ ಹಾಕಿ ಒಬ್ಬಳೇ ಹೋಗ್ತೀನಿ. ಸೂಟ್‌ಕೇಸ್ ತುಂಬಿಟ್ಟಿದೀನಿ. ನಿನ್ನ ಕಥೆ ಬೇಡ ಅಣ್ಣ, ಪರೀಕ್ಷೆ ಮಾಡಿ ಹೇಳು."

ತಂಗಿಯ ಸಂಸಾರ ನನ್ನ ಮೇಜಿನ ಮೇಲೆ ಮಗುಚಿ ಬಿದ್ದಿತ್ತು. ನಾನು ಕನ್ನಡಕ ಏರಿಸಿ, ದೀಪವನ್ನು ಹತ್ತಿರಕ್ಕೆ ಎಳೆದೆ.

ಒಳ ಅಂಚು ಸವೆದು ನುಣ್ಣಗಾಗಿತ್ತು. "ನೋಡು, ಇದು ಚಪ್ಪಟೆ ಪಾದ. ಅದೂ ನಿಂತು ನಿಂತು ಸವೆದಿದ್ದು. ಓಡೋನ ಹಿಮ್ಮಡಿ ಹೀಗೆ ಇರೋಲ್ಲ. ಇವರು ಎಲ್ಲೋ ಗಂಟೆಗಟ್ಟಲೆ ನಿಲ್ತಾರೆ."

"ಶಾಲೇಲಿ ನಿಲ್ತಾರೆ."

"ಶಾಲೆಗೆ ಈ ಶೂ ಹಾಕ್ಕೊಂಡು ಹೋಗ್ತಾರಾ?"

"ಇಲ್ಲ," ಎಂದಳು. ಅವಳ ದನಿ ತಗ್ಗಿತು.

ಆಮೇಲೆ ನಾನು ಬಲಗಾಲಿನ ಶೂ ಎತ್ತಿದೆ. ಬೆರಳುಗಳು ಮಡಿಚುವಲ್ಲಿ, ಮೇಲ್ಭಾಗದ ಬಟ್ಟೆಯ ಮೇಲೆ, ಚಾಕುವಿನಿಂದ ಗೀರಿದಂಥ ಆಳವಾದ ಸುಕ್ಕು. ತುದಿಯ ರಬ್ಬರು ನೆಲಕ್ಕೆ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಎಡಗಾಲಿನದರಲ್ಲಿ ಅದಾವುದೂ ಇರಲಿಲ್ಲ. ನನಗೆ ಗೊತ್ತಿರುವ ಮಟ್ಟಿಗೆ ಇದಕ್ಕೆ ಒಂದೇ ಅರ್ಥ.

"ಈ ಮನುಷ್ಯ ಮಂಡಿಯೂರಿ ಕೂರ್ತಾನೆ. ಬಲಮಂಡಿ. ಒಂದು ಸಲ ಎರಡು ಸಲ ಅಲ್ಲ, ನೂರಾರು ಸಲ. ಯಾರೋ ಒಬ್ಬರ ಮುಂದೆ ಮಂಡಿಯೂರಿ..." ನಾನು ಮಾತು ನಿಲ್ಲಿಸಿದೆ. ಕೆಲವು ಮಾತನ್ನು ಅರ್ಧಕ್ಕೆ ನಿಲ್ಲಿಸಿದರೇ ಅದಕ್ಕೆ ತೂಕ.

"ಯಾರ ಮುಂದೆ?" ಎಂದಳು ತಂಗಿ.

"ತಾಳು." ಅಟ್ಟೆಯ ನಡುವೆ, ನೆಲಕ್ಕೆ ತಾಗದ ಗುಳಿಯಲ್ಲಿ, ಒಂದು ಪುಟ್ಟ ಹಳದಿ ಚೀಟಿ ಅಂಟಿಕೊಂಡಿತ್ತು. ಒಂಬತ್ತು ಎಂದು ಅಚ್ಚಾದ, ಶೂ ಪೆಟ್ಟಿಗೆಗೆ ಹಚ್ಚುವ ದುಂಡು ಚೀಟಿ. "ಇದು ಹಳೇದಲ್ಲ, ಅಂಟು ಇನ್ನೂ ಹಸಿಯಾಗಿದೆ. ಅಂದ್ರೆ ಇವರು ಇತ್ತೀಚೆಗೆ ಯಾವುದೋ ಶೂ ಅಂಗಡಿ ಒಳಗೆ ಓಡಾಡಿದಾರೆ. ನಮ್ಮ ಅಂಗಡಿಗೆ ಬಂದಿಲ್ಲ, ಬಂದಿದ್ರೆ ನನಗೆ ಗೊತ್ತಾಗ್ತಿತ್ತು. ಹಾಗಾದ್ರೆ..."

ಇಬ್ಬರೂ ಒಟ್ಟಿಗೆ ಗಾಜಿನಾಚೆ ನೋಡಿದೆವು. ರಸ್ತೆಯ ಆಚೆ ಬದಿಗೆ ಇನ್ನೊಂದು ಶೂ ಅಂಗಡಿಯಿತ್ತು. ಅಲ್ಲಿ ಕೆಲಸ ಮಾಡುವ, ಯಾವಾಗಲೂ ನಗುವ ಹೆಂಗಸು ಹೊರಗೆ ನಿಂತು ಗಾಜು ಒರೆಸುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಅವಳು ನಮ್ಮತ್ತ ತಿರುಗಿ ನಕ್ಕಳು. ಅವಳು ದಿನವೂ ನಗುತ್ತಾಳೆ. ಆದರೆ ಅಂದು ಆ ನಗು ನನಗೆ ಎಂದಿಗಿಂತ ಎರಡು ಹಲ್ಲು ಹೆಚ್ಚಾಗಿ ಕಂಡಿತು.

ತಂಗಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟು ಪೆನ್ನು ಕೇಳಿದಳು.

ನನಗೆ ಆಗ ತುಸು ಹೆದರಿಕೆಯಾಯಿತು. "ಇರು ಇರು. ಭಾವ ಇವತ್ತು ಮೂರೂವರೆಗೆ ಹೊಸ ಶೂ ನೋಡೋಕೆ ಬರ್ತೀನಿ ಅಂದಿದಾರೆ. ನೀನು ಅಷ್ಟೊತ್ತಿಗೆ ಬಂದು ದಾಸ್ತಾನು ಕೋಣೆ ಪರದೆ ಹಿಂದೆ ನಿಂತ್ಕೋ. ನಾನು ಯಂತ್ರದ ಮೇಲೆ ಹತ್ತಿಸ್ತೀನಿ. ನಾಲ್ಕು ಹೆಜ್ಜೆಗೆ ಬಣ್ಣ ಬಯಲಾಗುತ್ತೆ. ಆಮೇಲೆ ಸಹಿ ಹಾಕು."

"ಪರೀಕ್ಷೆ ಅಂದ್ಮೇಲೆ ಎರಡು ಸಲ ಮಾಡೋದು ಒಳ್ಳೇದೇ," ಎಂದು ಪೆನ್ನು ಕೆಳಗಿಟ್ಟಳು.

ಮೂರೂವರೆಗೆ ಭಾವ ಕಪ್ಪು ಶಾಲಾ ಶೂ ಹಾಕಿಕೊಂಡು, ಸ್ವಲ್ಪ ಕುಂಟುತ್ತಾ ಬಂದರು. ಆ ಕುಂಟನ್ನೂ ನಾನು ಅನುಮಾನದಿಂದಲೇ ನೋಡಿದೆ. ಒಮ್ಮೆ ಎಡಕ್ಕೆ ಕುಂಟಿದಂತೆ ಕಂಡಿತು, ಒಮ್ಮೆ ಬಲಕ್ಕೆ. ನಾಟಕಕ್ಕೂ ಒಂದು ಶಿಸ್ತು ಬೇಡವೇ?

"ಬನ್ನಿ ಭಾವ, ಕೂತ್ಕೊಳ್ಳಿ. ಹಳೇ ಶೂ ತರ್ಲಿಲ್ವಾ?"

"ಹುಡುಕಿದೆ. ಮನೇಲಿ ಕಾಣ್ಲಿಲ್ಲ."

'ಕಾಣಲಿಲ್ಲವಂತೆ!' ಎಂದುಕೊಂಡೆ. "ಬೆಳಿಗ್ಗೆ ಎಲ್ಲಿ ಓಡ್ತೀರಿ?"

"ಕೆರೆ ಸುತ್ತ."

"ದಾರೀಲಿ ಅಂಗಡಿ ಗಿಂಗಡಿ ಏನಾದ್ರೂ?"

"ಆರು ಗಂಟೆಗೆ ಯಾವ ಅಂಗಡಿ ತೆಗ್ದಿರುತ್ತೆ ಭಾವ?"

ಉತ್ತರ ಸಿದ್ಧವಾಗಿಟ್ಟುಕೊಂಡೇ ಬಂದಿದ್ದಾರೆ! ಪರದೆಯ ಅಂಚು ಅಲುಗಿತು. ನಾನು ತೊಟ್ಟಿಗೆ ನೀರು ತುಂಬಿ, ಅವರ ಪಾದ ಅದ್ದಿ, ಕಂದು ಕಾಗದದ ಮೇಲೆ ನಿಲ್ಲಿಸಿದೆ. ಚಪ್ಪಟೆ ಗುರುತು ಮೂಡುವುದನ್ನೇ ಕಾಯುತ್ತಾ ಜೋರಾಗಿ, ಪರದೆಯಾಚೆಗೂ ಕೇಳುವಂತೆ, "ಈಗ ನೋಡೋಣ!" ಎಂದೆ.

ಕಾಗದದ ಮೇಲೆ ಒಂದು ದುಂಡನೆಯ ಹಿಮ್ಮಡಿ ಮೂಡಿತು, ಒಂದು ಮುಂಗಾಲು ಮೂಡಿತು. ಎರಡಕ್ಕೂ ನಡುವೆ ದಾರದಷ್ಟು ಗೆರೆ. ನಾನು ಕಂಡ ಇಪ್ಪತ್ತು ಲಕ್ಷದಲ್ಲಿ ಇದಕ್ಕಿಂತ ಎತ್ತರದ ಕಮಾನು ಇರಲಿಲ್ಲ. ಅದರ ಕೆಳಗೆ ದೋಣಿ ಬಿಡಬಹುದಿತ್ತು.

"ಇನ್ನೊಂದ್ಸಲ ನಿಲ್ಲಿ," ಎಂದೆ.

ಮತ್ತೆ ಅದೇ. ಕಾಗದ ಬದಲಾಯಿಸಿದೆ. ಮತ್ತೆ ಅದೇ.

"ಏನಾದ್ರೂ ತೊಂದ್ರೆನಾ?" ಎಂದರು ಭಾವ.

"ಕಾಗದದ್ದು," ಎಂದೆ.

ಮೆತ್ತೆಯ ಶೂ ಒಂದು ಜೊತೆ ಹಾಕಿಸಿ ಯಂತ್ರದ ಮೇಲೆ ಹತ್ತಿಸಿದೆ. ಸುಳ್ಳುಗಾರನಾದರೆ ನಾಲ್ಕು ಹೆಜ್ಜೆಗೆ ಬಾಯಿ ತೆರೆಯುತ್ತಾನೆ. ಭಾವ ಓಡಿದರು. ನಾಲ್ಕು ಹೆಜ್ಜೆಯಾಯಿತು, ನಾನೂರಾಯಿತು. ಟೀವಿಯಲ್ಲಿ ಅವರ ಹಿಮ್ಮಡಿಗಳು ಹೊರ ಅಂಚಿನಲ್ಲಿ ಮೆಲ್ಲಗೆ ಇಳಿದು, ಹೊಲಿಗೆಯಂತ್ರದ ಸೂಜಿಯ ಹಾಗೆ ಒಂದೇ ಲಯದಲ್ಲಿ ಏಳುತ್ತಿದ್ದವು. ಒಳಗೆ ವಾಲುವುದು ಎಂಬುದೇ ಇಲ್ಲ. ಏಳು ನಿಮಿಷವಾದರೂ ಉಸಿರು ಕದಲಲಿಲ್ಲ.

"ಈ ಶೂಲಿ ಮಂಡಿ ನೋಯ್ತಿಲ್ಲ ಭಾವ," ಎಂದರು ಓಡುತ್ತಲೇ, ಸ್ವಲ್ಪ ಆಶ್ಚರ್ಯದಿಂದ. "ಮೂರು ವಾರದಿಂದ ಹಳೇದು ಹಾಕಿದ್ರೆ ಸಾಕು, ಕಾಲು ಒಳಕ್ಕೆ ಎಳೀತಿತ್ತು. ಒಂದು ಸುತ್ತು ಹಾಕೋಕೆ ಅರ್ಧ ಗಂಟೆ ಜಾಸ್ತಿ ಹಿಡೀತಿತ್ತು."

ನಾನು ಯಂತ್ರ ನಿಲ್ಲಿಸಿದೆ. ಅವರು ಇಳಿದು ಕೂತರು. ಕೈಗೊಂದು ಕೆಲಸವಿರಲಿ ಎಂದು ಅವರೆದುರು ಮಂಡಿಯೂರಿ ಕೂತು ಲೇಸು ಬಿಚ್ಚತೊಡಗಿದೆ.

ಪರದೆ ಸರಿಯಿತು. ತಂಗಿ ಒಂದು ಕೈಯಲ್ಲಿ ಹಳೆಯ ಶೂ ಹಿಡಿದು ಹೊರಗೆ ಬಂದಳು. ಭಾವ ಅವಳನ್ನೂ ಶೂವನ್ನೂ ನೋಡಿ, "ನೀನು ಇಲ್ಲಿ?" ಎಂದರು. ಅವಳು ಅವರತ್ತ ನೋಡಲಿಲ್ಲ. ನನ್ನ ಪಾದವನ್ನೇ ನೋಡುತ್ತಿದ್ದಳು.

"ಅಣ್ಣ, ಹಾಗೇ ಇರು. ಏಳ್ಬೇಡ."

"ಯಾಕಮ್ಮ?"

"ನಮ್ಮ ಲ್ಯಾಬಲ್ಲಿ ವರದಿ ಒಂಥರ, ರೋಗಿ ಒಂಥರ ಇದ್ರೆ ನಾವು ರೋಗಿನ ಬೈಯೋಲ್ಲ. ಮೊದಲು ಕೇಳೋ ಪ್ರಶ್ನೆ ಒಂದೇ. ಈ ಸ್ಯಾಂಪಲ್ ಇವರದ್ದೇನಾ?" ಅವಳು ಬಗ್ಗಿ, ಹಳೆಯ ಬಲಗಾಲಿನ ಶೂವನ್ನು ನನ್ನ ಬಲಪಾದದ ಪಕ್ಕ ಇಟ್ಟಳು. ನಾನು ಮಂಡಿಯೂರಿದ್ದೆ. ಬಲಮಂಡಿ. ಬೆರಳುಗಳು ನೆಲಕ್ಕೆ ಊರಿ ಮಡಿಚಿದ್ದವು. ಹಳೆಯ ಶೂವಿನ ಸುಕ್ಕು ಎಲ್ಲಿತ್ತೋ, ಸರಿಯಾಗಿ ಅಲ್ಲೇ ನನ್ನ ಕಾಲಿನ ಶೂವಿನಲ್ಲಿ ಹೊಸದಾಗಿ ಒಂದು ಸುಕ್ಕು ಮೂಡುತ್ತಿತ್ತು.

ಹತ್ತೊಂಬತ್ತು ವರ್ಷ ದಿನಕ್ಕೆ ನಲವತ್ತು ಸಲ ಮಂಡಿಯೂರಿದವನು ನಾನು. ಊರಿನಲ್ಲಿ ಆ ಸುಕ್ಕು ಬೇರೆ ಯಾರ ಶೂವಿನಲ್ಲಿರಲು ಸಾಧ್ಯ? ಆದರೆ ಎಲ್ಲರ ಅಟ್ಟೆ ನೋಡುವವನು ತನ್ನದನ್ನು ನೋಡಿಕೊಳ್ಳುವುದೆಂದು?

"ಬಿಚ್ಚು," ಎಂದಳು.

"ಕಾಲು ಊದಿದೆ, ಬರೋಲ್ಲ..."

"ಬಿಚ್ಚು ಅಣ್ಣ."

ಬಿಚ್ಚಿದೆ. ಅವಳೇ ಮಗುಚಿದಳು. ಹೊರ ಅಂಚು ಹದವಾಗಿ, ಸಮನಾಗಿ ಸವೆದಿತ್ತು. ಗುಳಿಯಲ್ಲಿ ಕೆರೆದಂಡೆಯ ಕೆಮ್ಮಣ್ಣು ಒಣಗಿ ಕೂತಿತ್ತು. ನೂರಾರು ಮೈಲಿ ಓಡಿದ ಶೂ ಅದು. ನನ್ನ ಪಾದವನ್ನೂ ತೊಟ್ಟಿಯಲ್ಲಿ ಅದ್ದಿಸಿ ಕಾಗದದ ಮೇಲೆ ನಿಲ್ಲಿಸಿದಳು. ಇಸ್ತ್ರಿಪೆಟ್ಟಿಗೆ ಒತ್ತಿದಂತೆ ಇಡೀ ಪಾದ ಮೂಡಿತು.

"ಅಮ್ಮನ ಮನೆ ಬಾಗಿಲಲ್ಲಿ," ಎಂದರು ಭಾವ ಮೆಲ್ಲಗೆ. ಗಣಿತದ ಮೇಷ್ಟ್ರಲ್ಲವೇ, ಉತ್ತರ ಹೊಳೆದಿತ್ತು. "ಅವತ್ತು ನೀವು ಮೊದಲು ಹೊರಟ್ರಿ ಭಾವ. ಉಳಿದಿದ್ದನ್ನ ನಾನು ಹಾಕ್ಕೊಂಡೆ."

ತಂಗಿ ಅವರತ್ತ ತಿರುಗಿದಳು. ಕಾಗದ ತೋರಿಸಿದಳು, ಎಲ್ಲವನ್ನೂ ಎರಡೇ ಮಾತಿನಲ್ಲಿ ಹೇಳಿದಳು. ಭಾವ ಆ ಕಾಗದವನ್ನು ಓದಿ ಮೇಜಿನ ಮೇಲಿಟ್ಟರು.

"ನನ್ನನ್ನೇ ಕೇಳ್ಬಹುದಿತ್ತಲ್ಲ," ಎಂದರು.

"ಕೇಳಿದ್ರೆ ಹೂಂ ಅಂತೀರ. ನಿಮ್ಮ ಹೂಂನ ಯಾವ ಲ್ಯಾಬಲ್ಲಿ ಪರೀಕ್ಷೆ ಮಾಡಿಸ್ಲಿ ನಾನು?" ಅವಳ ದನಿ ಅಲ್ಲಿಗೆ ಒಡೆಯಿತು. ಆದರೂ ಅವಳು ಪರೀಕ್ಷೆ ಬಿಡುವವಳಲ್ಲ. ಕಣ್ಣೊರೆಸಿಕೊಂಡು ನನ್ನ ಹಳೆಯ ಶೂವನ್ನು ಮತ್ತೆ ಮೇಜಿನ ದೀಪದ ಕೆಳಗಿಟ್ಟಳು. "ಒಂದೇ ಒಂದು ಅನುಮಾನ ಉಳಿದಿದೆ. ಶೂ ಬದಲಾಗಿದೆ, ಸರಿ. ಆದ್ರೆ ಈ ಮೂರು ವಾರ ಇವರು ಇದನ್ನ ಹಾಕ್ಕೊಂಡು ಓಡಿದ್ರೆ ಇದರಲ್ಲೂ ಗುರುತಿರ್ಬೇಕು. ಇದೆಯಾ ಅಣ್ಣ?"

ಗೋಡೆಗಡಿಯಾರದಲ್ಲಿ ನಾಲ್ಕೂಕಾಲು. ಭಾವನೂ ನನ್ನನ್ನೇ ನೋಡಿದರು. ಉತ್ತರ ನನಗೆ ಬೆಳಿಗ್ಗೆಯೇ ಗೊತ್ತಿತ್ತು.

"ಇದೆ," ಎಂದೆ. "ಹೊರ ಅಂಚಲ್ಲಿ. ಹೊಸ ಗೀರುಗಳು. ಇಲ್ಲಿ, ಇಲ್ಲಿ, ಹಿಮ್ಮಡಿ ಮೂಲೇಲಿ. ಸುಮಾರು ಮೂರು ವಾರದ್ದೇ. ಯಾರೋ ಚೆನ್ನಾಗಿ ಓಡೋರದ್ದು."

"ಬೆಳಿಗ್ಗೆ ನಿನಗೆ ಕಾಣ್ಲಿಲ್ವಾ?"

"ಕಂಡಿತ್ತು."

"ಮತ್ತೆ?"

"ಇಳಿಜಾರು," ಎಂದೆ. ತಂಗಿಗೆ ಅರ್ಥವಾಗಲಿಲ್ಲ. ಭಾವನಿಗೆ ಅರ್ಥವಾಯಿತು, ತಲೆ ತಗ್ಗಿಸಿದರು. ನನಗೆ ಇನ್ನು ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ. "ಅವತ್ತು ಎಲ್ಲರ ಮುಂದೆ ನನ್ನ ನಗೆಪಾಟಲು ಮಾಡಿದ್ರಲ್ಲ, ಅದಕ್ಕೆ. ನಿನ್ನ ಗಂಡ ಸುಳ್ಳುಗಾರ ಅಂತ ಆದ್ರೆ, ನನ್ನ ಸುಳ್ಳು ಸ್ವಲ್ಪ ಚಿಕ್ಕದಾಗುತ್ತೆ ಅನ್ನಿಸ್ತು. ಗೀರು ಹೇಳಿದ್ರೆ ಕಥೆ ಕೆಡ್ತಿತ್ತು. ನೀನು ಪೆನ್ನು ಕೇಳಿದಾಗಲೂ ಹೇಳ್ಲಿಲ್ಲ. ತಪ್ಪಾಯ್ತಮ್ಮ."

ತಂಗಿ ಪೆನ್ನು ತೆಗೆದುಕೊಂಡಳು. ಕಾಗದದ ಮೇಲೆ ಬರೆಯುವ ಮೊದಲು ಗಂಡನ ಮುಖ ನೋಡಿದಳು.

ಭಾವ ಕೆಮ್ಮಿದರು. ಬಾಯಿಂದ ಮಾತು ಹೊರಡಿಸಲು ಅವರು ಪಟ್ಟ ಕಷ್ಟ ಯಂತ್ರದ ಮೇಲೂ ಪಟ್ಟಿರಲಿಲ್ಲ. "ನೀನು ಹೋಗೋದಾದ್ರೆ ನಾನೂ ಬರ್ತೀನಿ. ಅಲ್ಲೂ ಶಾಲೆ ಇರುತ್ತೆ, ಕೆರೆನೂ ಇರ್ಬಹುದು. ಆದ್ರೆ ಒಬ್ಬಳೇ ಹೋಗ್ಬೇಡ."

ಅವಳು ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿದಳು. "ಇನ್ನೂ ನಲವತ್ತು ನಿಮಿಷ ಇದೆ. ದಾರೀಲಿ ಮಾತಾಡ್ಕೊಂಡು ಹೋಗೋಣ. ನೀವು ಮಾತಾಡ್ಬೇಕು, ಹೂಂ ಅನ್ನೋದಲ್ಲ."

"ಹೂಂ," ಎಂದರು ಭಾವ. ಅವಳು ನಕ್ಕುಬಿಟ್ಟಳು.

ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಅಣ್ಣ, ಈ ಶೂ ನಿನ್ನದು ಅಂದ್ಮೇಲೆ, ಅದರಲ್ಲಿ ಓಡಿರೋದು ಮೂರೇ ವಾರ, ಅದೂ ಇವರು. ಹಾಗಾದ್ರೆ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಐದೂಮುಕ್ಕಾಲಿಗೆ ನೀನೆಲ್ಲಿಗೆ ಹೋಗ್ತೀಯ? ನಾನು ಅತ್ತಿಗೆಗೆ ಏನು ಹೇಳ್ಲಿ?"

ಅಷ್ಟರಲ್ಲಿ, ಬೋನು ನೋಡಲು ಹಿಂಬಾಗಿಲಿಂದ ಮತ್ತೆ ಬಂದಿದ್ದ ಮಾಲೀಕರು ದಾಸ್ತಾನು ಕೋಣೆಯಿಂದ ಮೈ ಧೂಳು ಕೊಡವಿಕೊಳ್ಳುತ್ತಾ ಹೊರಬಂದರು. ಮೇಜಿನ ಮೇಲಿದ್ದ ಶೂವಿನ ಅಟ್ಟೆಯಿಂದ ಹಳದಿ ಚೀಟಿಯನ್ನು ಕಿತ್ತು ನೋಡಿದರು. "ಇದು ನಮ್ಮದೇ. ಒಳಗೆ ಒಂಬತ್ತು ನಂಬರಿನ ಸಾಲಿನ ಹತ್ರ ನೆಲದ ತುಂಬ ಇದೇ ಉದುರಿದೆ. ಆ ಪೆಟ್ಟಿಗೆಗಳನ್ನು ನೋಡಿದ್ಯೇನಯ್ಯ? ಮೇಲೆ ಒಂದು ತಲೆದಿಂಬಿದೆ. ಯಾವ ಹೆಗ್ಗಣ ತಲೆದಿಂಬು ಇಟ್ಕೊಂಡು ಮಲಗುತ್ತೆ?"

ಮೂವರೂ ನನ್ನನ್ನೇ ನೋಡಿದರು. ನನ್ನ ಒಂದು ಕಾಲಿನಲ್ಲಿ ಶೂ, ಇನ್ನೊಂದು ನೀರು ತೊಟ್ಟಿಕ್ಕುವ ಬರಿಪಾದ. ಓಡೋಣವೆಂದರೆ, ಓಡುವ ಅಭ್ಯಾಸವಿಲ್ಲ.

ಆದ್ದರಿಂದ ಹೇಳಿಬಿಡುತ್ತೇನೆ. ಅಂದು ಅವರಿಗೆ ಹೇಳಿದ್ದನ್ನೇ ನಿಮಗೂ. ಆ ಪದಕ ಓಡಿ ಗೆದ್ದದ್ದಲ್ಲ. ಓಟಗಾರರ ಚೀಲ ಕಾಯುವ ಮೇಜಿನಲ್ಲಿ ಕೂತಿದ್ದೆ, ಕೊನೆಗೆ ಪದಕಗಳು ಮಿಕ್ಕವು. ಭಾವನ ಪಾದವನ್ನು ನಾನು ಅಳೆಯಲೇ ಇಲ್ಲ. ಮಾರಾಟವಾಗದೆ ಉಳಿದಿದ್ದ ಎರಡು ಜೊತೆಯಲ್ಲಿ ಒಂದನ್ನು ಕೊಟ್ಟೆ, ಅವರ ಅದೃಷ್ಟಕ್ಕೆ ಅದು ಹೊಂದಿತು. ನನ್ನ ಚಪ್ಪಟೆ ಪಾದಕ್ಕೆ ಹೊಂದಲಿಲ್ಲ, ಬಿಟ್ಟಿ ಬಂದದ್ದೆಂದು ನಾನೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಹಿಂಬಾಗಿಲ ಬೀಗ ತೆಗೆದು ಪೆಟ್ಟಿಗೆಗಳ ಮೇಲೆ ಮುಕ್ಕಾಲು ಗಂಟೆ ನಿದ್ದೆ ಹೊಡೆಯುತ್ತೇನೆ. ನಲ್ಲಿಯಲ್ಲಿ ಬನಿಯನ್ನು ಒದ್ದೆ ಮಾಡಿಕೊಂಡು, ನಮ್ಮ ಬೀದಿಯ ಕೊನೆಯ ನಲವತ್ತು ಹೆಜ್ಜೆ ಮಾತ್ರ ಓಡುತ್ತೇನೆ. ಕಿಟಕಿಯಿಂದ ನನ್ನಾಕೆ ನೋಡುವ ಆ ಏದುಸಿರೊಂದೇ ಅಪ್ಪಟ ನಿಜ. ಆ ಮುದುಕ ಕೂಡ ನೆರಳನ್ನು ಬಿಟ್ಟು ಓಡಲಿಲ್ಲ. ಹನ್ನೊಂದು ನಿಮಿಷಕ್ಕೆ ನೆರಳಿನ ಸಮೇತ ವಾಪಸ್ಸು ಬಂದು, ಶೂ ಕಚ್ಚುತ್ತದೆ ಎಂದು ಮೇಜಿನ ಮೇಲೆ ಎಸೆದು ಹೋದ. ನೀರು ಕುಡಿದದ್ದು ನಾನು.

"ಸರಿ," ಎಂದರು ಮಾಲೀಕರು, ಎಲ್ಲ ಕೇಳಿ. "ಆದರೆ ಆ ಹೆಗ್ಗಣ? ಬೋನಿಗೆ ಏನು ಇಡ್ಲಿ ಹೇಳು."

"ಬೋನು ತೆಗೆದುಬಿಡಿ ಸಾರ್," ಎಂದೆ. "ಹೆಗ್ಗಣ ನಾನೇ."